ಅಸಲಿ ಪಂಪಾ ಸರೋವರ

ಜನವರಿ 10, ಶುಕ್ರವಾರ. ಬೆಳಿಗ್ಗೆ 4.40, ವಸ್ತ್ರಾಪುರ

ಹದಿನೇಳನೆಯ ಟ್ರಿಪ್. ಬಸ್ ಇನ್ನೂ ಬಂದಿಲ್ಲ, ಯಾತ್ರಿಕರು ಆಗಲೇ ಥೇಪ್ಲಾ ರೊಟ್ಟಿಯ ಡಬ್ಬಿ ಬಿಚ್ಚಿದ್ದಾರೆ. ಏಳೂವರೆಗೆ ವಡೋದರಾದಲ್ಲಿ ಹನ್ನೊಂದು ಜನ ಹತ್ತಬೇಕು, ಸೂರತ್‌ನಲ್ಲಿ ಆರು. ಮಧ್ಯಾಹ್ನ ಗುಜರಾತಿನ ಅಂಚಿನ ಡಾಂಗ್ ಕಾಡು — ಶಬರಿಧಾಮ, ಪಂಪಾ ಸರೋವರ. ಪ್ಯಾಕೇಜಿನ ಹೆಸರು 'ರಾಮ ನಡೆದ ದಾರಿ'. ರಾಮ ನಡೆದ. ಇವರು ಪುಶ್‌ಬ್ಯಾಕ್ ಸೀಟಿನಲ್ಲಿ ಗೊರಕೆ ಹೊಡೆಯುತ್ತಾರೆ.

ನನ್ನ ಕೆಲಸ ಮೈಕ್ ಹಿಡಿಯುವುದು.

ಜನವರಿ 11. ಸಂಜೆ, ವಾಪಸ್ ಬಸ್ಸಿನಲ್ಲಿ

ನಿನ್ನೆಯೂ ಆ ಸಾಲು ಹೇಳಿದೆ. ಹಿಂದಿಯಲ್ಲಿ, ನಗುನಗುತ್ತಾ — 'ಕರ್ನಾಟಕದಲ್ಲೂ ಒಂದು ಪಂಪಾ ಸರೋವರ ಇದೆ ಅನ್ನುತ್ತಾರೆ. ನಾನು ಆ ಊರಿನವಳೇ. ಅದು ಬರೀ ಶೋ. ಅಸಲಿ ಇದು.' ಚಪ್ಪಾಳೆಯೋ ಚಪ್ಪಾಳೆ.

ಸ್ಕ್ರಿಪ್ಟಿನಲ್ಲಿ ಇಲ್ಲದ ಸಾಲು. ಮೂರನೆಯ ಟ್ರಿಪ್ಪಿನಲ್ಲಿ ಒಬ್ಬ ಮುದುಕ ತಾನು ಹಂಪಿಯ ಹತ್ತಿರ ಬೇರೆ ಪಂಪಾ ನೋಡಿದ್ದೇನೆಂದು ತಕರಾರು ತೆಗೆದಾಗ, ಅವನ ಬಾಯಿ ಮುಚ್ಚಿಸಲು ನಾನೇ ಹುಟ್ಟಿಸಿದ್ದು. ಮಾಲೀಕ ನಿಲೇಶಭಾಯಿಗೆ ಬಹಳ ಹಿಡಿಸಿತು. ಪ್ರತಿ ಸಲ ಹೇಳು, ಕನ್ನಡದವಳ ಸಾಕ್ಷಿಗೆ ತೂಕ ಇದೆ ಎಂದ. ಮಾರ್ಚ್‌ನಲ್ಲಿ ಹಂಪಿ ಟೂರ್ ಶುರು ಮಾಡುತ್ತಾನಂತೆ, ನಾನೇ ಮ್ಯಾನೇಜರ್ ಅಂತೆ. ಅಲ್ಲಿ ಯಾವುದನ್ನು ಅಸಲಿ ಅನ್ನಲಿ ಎಂದು ಕೇಳಿದೆ. ಅಲ್ಲಿಯ ಪ್ಯಾಸೆಂಜರ್‌ಗಳೇ ಬೇರೆ ಬಿಡು ಎಂದ.

ಆನೆಗೊಂದಿಯ ಪಂಪಾ ಸರೋವರದ ಮೆಟ್ಟಿಲ ಪಕ್ಕ ಮೂವತ್ತು ವರ್ಷದಿಂದ ಅವ್ವ ಬೋರೆಹಣ್ಣು, ಹೂವು ಮಾರುತ್ತಾಳೆ. ಪ್ರತಿ ಬುಟ್ಟಿಯಿಂದ ಒಂದು ಹಣ್ಣು ಕಚ್ಚಿ ನೋಡುತ್ತಾಳೆ. ಶಬರಿ ಕಚ್ಚಿದ್ದಳಲ್ಲ, ಹಾಗೆ. ಹುಳಿಯಿದ್ದರೆ ಆ ಬುಟ್ಟಿ ಮೇಕೆಗೆ. ಆ ಹಣ್ಣಿನಿಂದಲೇ ನನ್ನ ಬಿ.ಕಾಂ. ಆಯಿತು.

ಅವಳಿಗೆ ನಾನು ಟಿಕೆಟ್ ಬುಕಿಂಗ್‌ನಲ್ಲಿದ್ದೇನೆ ಎಂದು ಹೇಳಿದ್ದೇನೆ. ಉಂಡ ಮನೆಯ ಜಂತೆ ಎಣಿಸುವವಳು ನಾನು. ಗೊತ್ತಿದೆ.

ಜನವರಿ 16

ಅವ್ವನ ಫೋನ್. ಈ ವರ್ಷ ಗುಜರಾತಿನ ಮಂದಿ ಬಹಳ ಬರುತ್ತಿದ್ದಾರಂತೆ. ಆದರೆ ಬುಟ್ಟಿ ನೋಡಿ, ನಕ್ಕು, ಮುಂದೆ ಹೋಗುತ್ತಾರಂತೆ. ಹೊರಗಿನ ಹಣ್ಣು ತಿನ್ನಲು ಹೆದರುತ್ತಾರೆ ಎಂದೆ.

ಆಮೇಲೆ ಕೇಳಿದಳು: "ಅಲ್ಲೆ ನಮ್ಮೂರಾಕಿ ಮತ್ಯಾರರ ಗೈಡ್ ಅದಾಳೇನು?"

ಇಲ್ಲ ಎಂದೆ. ಕುಕ್ಕರ್ ಕೂಗಿತು, ಫೋನ್ ಇಟ್ಟೆ.

ಫೆಬ್ರವರಿ 4

ಅವ್ವ ಬಂದಿದ್ದಾಳೆ. ಒಬ್ಬಳೇ, ಎರಡು ರೈಲು ಬದಲಿಸಿ, ಒಂದು ಚೀಲ ಬೋರೆಹಣ್ಣಿನ ಜೊತೆ. ಏಕೆ ಎಂದರೆ ಸುಮ್ಮನೆ ಅನ್ನುತ್ತಾಳೆ.

ಆಫೀಸಿಗೂ ಬಂದಳು. ನಿಲೇಶಭಾಯಿ ಕಾಲು ಮುಟ್ಟಿ, ಶುಕ್ರವಾರದ ಬಸ್ಸಿನಲ್ಲಿ ಫ್ರೀ ಸೀಟು ಕೊಟ್ಟೇಬಿಟ್ಟ. ಬೇಡವೆಂದು ನಾನು ಎಷ್ಟು ಹೇಳಿದರೂ ಅವ್ವ ಬಿಡಲಿಲ್ಲ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ.

ಇದೇ ಟ್ರಿಪ್ಪಿಗೆ ಹಂಪಿ ಟೂರಿನ ಪಾರ್ಟ್‌ನರ್ ಬರುತ್ತಾನೆ, ನನ್ನನ್ನು ನೋಡಲು. 'ಆ ಸಾಲು ಮಿಸ್ ಮಾಡಬೇಡ, ನಿನ್ನ ಮ್ಯಾನೇಜರ್ ಕೆಲಸ ಅದರಲ್ಲೇ ಇದೆ' ಎಂದ ನಿಲೇಶಭಾಯಿ. ಇರಲಿ. ಮೈಕ್ ಯಾಕೆ ಹಿಡಿದೆ ಎಂದು ಕೇಳಿದರೆ, ಗೈಡ್ ರಜೆ ಎಂದರಾಯಿತು. ಅವ್ವನ ಹಿಂದಿ ಹಣ್ಣು ಮಾರುವ 'ಬೀಸ್ ರುಪಯಾ, ಲೇಲೋ' ಅಷ್ಟೇ. ತಿಳಿಯುವುದಿಲ್ಲ.

ಫೆಬ್ರವರಿ 7. ಮಧ್ಯಾಹ್ನ 3.30, ಸರೋವರದ ದಂಡೆ

ಹೇಳಿದೆ. ಸ್ವಲ್ಪ ಬೇಗ ಬೇಗ. ಪಾರ್ಟ್‌ನರ್ ತಲೆಯಾಡಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದೆ ನಿಂತಿದ್ದ ಅವ್ವನೂ ತಟ್ಟಿದಳು.

ಈಗ ಅಲ್ಲಿ, ಎಲೆಯ ದೊನ್ನೆಯಲ್ಲಿ ಬೋರೆಹಣ್ಣು ಮಾರುವ ಹೆಂಗಸಿನ ಪಕ್ಕ ಕುಳಿತಿದ್ದಾಳೆ. ಆ ಹೆಂಗಸು ತನ್ನ ಬುಟ್ಟಿಯಿಂದ ಒಂದು ಕಚ್ಚಿ, ಸಿಹಿ ನೋಡಿ, ಆಮೇಲೆ ದೊನ್ನೆ ತುಂಬಿದಳು. ಅವ್ವ ನೋಡುತ್ತಲೇ ಇದ್ದಳು. ಚೀಲದಿಂದ ನಮ್ಮೂರಿನ ಹಣ್ಣು ತೆಗೆದು ಅವಳ ಕೈಗೆ ಹಾಕಿದಳು.

ಫೆಬ್ರವರಿ 8. ಸಂಜೆ, ವಡೋದರಾ, ಟೀ ಸ್ಟಾಪ್

ಸೂರತ್ ದಾಟಿದ ಮೇಲೆ ಅವ್ವ ಪಕ್ಕದ ಸೀಟಿನವಳ ಜೊತೆ ಮಾತಿಗಿಳಿದಳು. ಮಂಡಿನೋವು, ಸೊಸೆ, ಔಷಧಿ. ಅಚ್ಚುಕಟ್ಟು ಹಿಂದಿ, ನನ್ನದಕ್ಕಿಂತ ಚೆನ್ನ. ಮೂವತ್ತು ವರ್ಷ ಉತ್ತರದ ಯಾತ್ರಿಕರಿಗೆ ಹಣ್ಣು ಮಾರಿದವಳು ಮತ್ತೇನು ಕಲಿತಿರುತ್ತಾಳೆ? ಇಷ್ಟು ಸಣ್ಣ ಸಂಗತಿ ನನಗೆ ಹೊಳೆಯಲಿಲ್ಲ.

ಇಲ್ಲಿ ಇಳಿದಾಗ, ಟೀ ಕಪ್ಪು ಊದುತ್ತಾ ಹೇಳಿದಳು: "ದೀಪಾವಳಿ ಆದಮ್ಯಾಲ ಸೂರತ್ತಿನವ್ರು ಬಂದಿದ್ರು. ನಿಮ್ಮೂರ ಹುಡುಗೀನ ಇದು ಬರೇ ಶೋ ಅಂದಾಳ ಅಂದ್ರು. ನಮ್ಮೂರ ಹುಡುಗಿ ಹಂಗ ಅನ್ನಾಂಗಿಲ್ಲ ಅಂತ ಜಗಳ ಮಾಡಿದೆ. ಒಮ್ಮೆ ಕಿವೀಲೆ ಕೇಳಿ ಹೋಗೂಣಂತ ಬಂದೆ."

ಕೆಲಸ ಅವ್ವಾ, ಹೇಳಿಸುತ್ತಾರೆ ಎಂದೆ. ಹೇಳಿಸಿದ್ದಲ್ಲ, ನಾನೇ ಹುಟ್ಟಿಸಿದ್ದು ಎನ್ನಲು ನಾಲಿಗೆ ಏಳಲಿಲ್ಲ.

"ಆ ಕೆರಿ ಖೋಟಿ ಅಂತ ನಾ ಅನ್ನಾಂಗಿಲ್ಲ. ಅಲ್ಲಿ ಹಣ್ಣಿನಾಕಿ ಅದನ್ನ ನಂಬಿ ಕುಂತಾಳ, ನಾ ನಮ್ಮದನ್ನ ನಂಬಿ ಕುಂತೀನಿ. ನೀ ಯಾವುದನ್ನ ನಂಬೀದಿ?"

ಹಾರ್ನ್ ಹೊಡೆದರು. ಮತ್ತೇಕೆ ಚಪ್ಪಾಳೆ ತಟ್ಟಿದೆ ಎಂದು ಕೇಳಿದೆ. ಛಲೋ ಮಾತಾಡಿದಿ, ಅದಕ್ಕ, ಎಂದಳು. ಇದಕ್ಕಿಂತ ಎರಡು ಬಾರಿಸಿದ್ದರೆ ಚೆನ್ನಾಗಿತ್ತು.

ಫೆಬ್ರವರಿ 10

ಅವ್ವ ಹೋದಳು. ಸ್ಟೇಷನ್ನಿಗೆ ಬರಬೇಡ ಎಂದಳು.

ಮ್ಯಾನೇಜರ್ ಆರ್ಡರ್ ಬಂತು. ಮೊದಲ ಬ್ಯಾಚ್ ಹೋಳಿ ಹಬ್ಬಕ್ಕೆ. ಎರಡನೆಯ ದಿನ ಬೆಳಿಗ್ಗೆ 9: ಪಂಪಾ ಸರೋವರ, ಆನೆಗೊಂದಿ. ನಿಲೇಶಭಾಯಿಗೆ ಹೊಸ ಐಡಿಯಾ ಬಂದಿದೆ — ಅಲ್ಲಿ ಹಣ್ಣು ಮಾರುವವಳು ನಿನ್ನ ತಾಯಿ ತಾನೇ? ಅವಳನ್ನು ಪರಿಚಯ ಮಾಡಿಸು. ಅಲ್ಲಿಗೂ ಒಂದು ಸಾಕ್ಷಿ ಬೇಕಲ್ಲ.

ಸರಿ ಎಂದೆ. ನನ್ನ ನಾಲಿಗೆಗೆ ಈಗ 'ಸರಿ' ಒಂದೇ ಬರುತ್ತದೆ.

ಮಾರ್ಚ್ 12. ಸಂಜೆ 6.20

ಒಂದು ತಿಂಗಳು ಇದರಲ್ಲಿ ಏನೂ ಬರೆಯಲಿಲ್ಲ. ಎಂಟು ಸಲ ಅವ್ವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಇವತ್ತು ಎತ್ತಿದಳು.

ಬರುತ್ತಿದ್ದೇನೆ ಎಂದೆ. ಬ್ಯಾಚಿನ ಜೊತೆ. ಸೀಸನ್ ಮುಗಿಯಿತು, ಆದರೂ ಆರಿಸಿ ಹಣ್ಣು ಇಟ್ಟಿದ್ದೇನೆ, ಎಷ್ಟು ಮಂದಿ ಎಂದು ಕೇಳಿದಳು. ಯಾತ್ರಿಕರು ಮೂವತ್ತೊಂದು ಎಂದೆ.

"ಮೂವತ್ತೊಂದು ದೊನ್ನಿ ಕಟ್ಟಿಡ್ತೀನಿ."

ಮೂವತ್ತೆರಡು ಅವ್ವಾ, ನಾನೂ ಇದ್ದೇನಲ್ಲ ಎಂದೆ.

"ಮೂವತ್ತೊಂದು," ಎಂದು ಫೋನ್ ಇಟ್ಟಳು.

ಮತ್ತೆ ಹಚ್ಚಿದ್ದೇನೆ. ರಿಂಗ್ ಆಗುತ್ತಿದೆ. ಎತ್ತಿದರೆ ಹೇಳಬೇಕು, ಆ ಸಾಲು ಯಾರೂ ಬರೆದುಕೊಟ್ಟಿದ್ದಲ್ಲ ಅವ್ವಾ, ನಾನೇ —