ಸೌಟಿನ ಮೈಕು

ಆಗಸ್ಟ್ 3, ಬೆಳಿಗ್ಗೆ

ಯಾರದು ಈ ಪುಸ್ತಕಕ್ಕೆ ಕೈ ಹಾಕಿದ್ದು? ಮುಚ್ಚು. ಮುದುಕಿ ಬರೆದದ್ದನ್ನು ಓದುವಷ್ಟು ಪುರುಸೊತ್ತಿದ್ದರೆ ಬಾವಿಯಿಂದ ಎರಡು ಕೊಡ ನೀರು ಸೇದು. ಎರಡನೇ ಕ್ಲಾಸಿನ ಅಕ್ಷರ ಇದು, ಕಣ್ಣು ಹೋದೀತು.

ತೆಂಗಿನಗುಂಡಿ ಬಂದರಿನಿಂದ ಈಗ ಬಂದೆ. ಮಳೆಗಾಲದ ಮೀನುಗಾರಿಕೆ ಬಂದ್ ಮುಗಿದು ಬೋಟು ಇಳಿದು ಮೂರು ದಿನ. ಒಂದು ಬುಟ್ಟಿ ಬಂಗಡೆ, ಆಗಲೇ ಖಾಲಿ. ಮೀನು ಸುತ್ತಲು ಪೇಪರು ಹರಿಯುವಾಗ ಮೊಮ್ಮಗಳು ದೀಪಿಕಾ ನೆನಪಾದಳು. ತಾಯಿಯಿಲ್ಲದ ಹುಡುಗಿ, ನನ್ನ ಬುಟ್ಟಿಯ ಪಕ್ಕದಲ್ಲೇ ಬೆಳೆದದ್ದು. ಒಂದು ಚೂರು ಪೇಪರನ್ನೂ ಓದದೆ ಬಿಟ್ಟವಳಲ್ಲ. “ಅಜ್ಜಿ, ತಡಿಯೇ, ಕಳ್ಳ ಸಿಕ್ಕಿದ್ನಾ ಇಲ್ವಾ ನೋಡ್ತೆ.” ಅಷ್ಟರಲ್ಲಿ ಕಳ್ಳನನ್ನು ಬಂಗಡೆಗೆ ಸುತ್ತಿ ಕೊಟ್ಟಾಗಿರುತ್ತಿತ್ತು. ಉಳಿದರ್ಧ ಓದಲು ಗಿರಾಕಿಯ ಮನೆವರೆಗೂ ಓಡಿದವಳು.

ಟಿ.ವಿ. ತಂದವನು ಅವಳಪ್ಪ, ನನ್ನ ಮಗ ದಿನಕರ. ಭಟ್ಕಳದಿಂದ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ವಾರ್ತೆ ಮುಗಿದ ಕೂಡಲೆ ಇವಳ ವಾರ್ತೆ ಶುರು. ಚಿಪ್ಪಿನ ಸೌಟೇ ಮೈಕು. ಬೆಕ್ಕಿಗೂ ಪ್ರಶ್ನೆ. ದಿನಕರ ಎದುರು ಕೂತು, “ನನ್ನೂ ಕೇಳೇ” ಅನ್ನುತ್ತಿದ್ದ. ಇವಳು ಸೌಟು ಅವನ ಮೂಗಿಗೆ ಹಿಡಿದು — “ಇವತ್ತು ಎಷ್ಟು ಮೀನು ಸಿಕ್ಕಿತು? ಸುಳ್ಳು ಹೇಳಬೇಡಿ, ಎಲ್ಲರೂ ನೋಡ್ತಾ ಇದ್ದಾರೆ.”

ಈಗ ದೀಪಿಕಾಳಿಗೆ ಕುಮಟಾದ ಸಣ್ಣದೊಂದು ಚಾನೆಲ್ಲಿನಲ್ಲಿ ಕೆಲಸ. ನಾಳೆ ಬಂದರಿಗೆ ಬರುತ್ತಾಳಂತೆ, ನಿಜವಾದ ಮೈಕು ಹಿಡಿದು.

ಆಗಸ್ಟ್ 4, ರಾತ್ರಿ

ಬರೆಯಲೇಬೇಕು.

ಬೆಳಿಗ್ಗೆ ದೀಪಿಕಾ ಬೋಟುಗಳನ್ನು ಕ್ಯಾಮೆರಾದಲ್ಲಿ ಹಿಡಿಯುತ್ತಿದ್ದಳು. ಸಣ್ಣ ಪಾತಿ ದೋಣಿಯ ಮಾಬ್ಲ ಬಂದ, ಹೆಗಲ ಮೇಲೆ ಹರಿದ ಬಲೆ.

“ದಿನಕರಾ, ನಿನ್ ಬೋಟು ನನ್ ಬಲೆ ಹರ್ದು ಹಾಕದೆ. ಕಣ್ಣು ಸೊಂಟದಾಗೆ ಇಟ್ಕಂಡಿದ್ಯಾ?”

“ನಿನ್ ಬಲೆ ಅಲ್ಲಿ ಎಂತಕ್ಕೆ ಸಾಯ್ತಿತ್ತು?”

ಮಾಬ್ಲ ಉಗಿದ. ದಿನಕರ ಬೋಟಿನಿಂದ ಕಬ್ಬಿಣದ ರಾಡು ಎಳೆದ. ಮೊದಲ ಏಟು ಮಣಿಕಟ್ಟಿಗೆ. ಒಣಗಿದ ತೆಂಗಿನ ಮಡಲು ಮುರಿದ ಸದ್ದು. ಬಿದ್ದವನ ಅದೇ ಕೈಗೆ ಮತ್ತೆರಡು. ಐಸಿನ ಮೇಲೆಲ್ಲ ಕೆಂಪು. ಅರವತ್ತು ಜನ ಇದ್ದರು. ಎಲ್ಲರೂ ಮೀನು ನೋಡುತ್ತ ನಿಂತರು. ಮುಖ ತಿರುಗಿಸದೆ ಇದ್ದದ್ದು ಕ್ಯಾಮೆರಾ ಒಂದೇ.

ಸಂಜೆ ಬೇಲಿಯ ದಣಪೆ ದಾಟಿ ದಿನಕರ ಬರುವುದು ಕಂಡಿತು. ದೀಪಿಕಾ ಕ್ಯಾಮೆರಾದಿಂದ ಉಗುರಿನಷ್ಟು ದೊಡ್ಡ ಕಾರ್ಡು ಕಿತ್ತು ನನ್ನ ಕೈಗೆ ತುರುಕಿದಳು. “ಎಲ್ಲಾ ಇದ್ರಾಗೆ ಅದೆ. ಇಟ್ಕ ಅಜ್ಜಿ.”

ಅವನು — “ಕೊಡು ಅದ್ನ.”

“ಇಲ್ಲಪ್ಪಾ. ವಾರ್ತೆಗೆ ಹಾಕ್ತೆ.”

ಬಾಯಿಗೇ ಗುದ್ದಿದ. ಬೇರೆಲ್ಲಿಗೂ ಅಲ್ಲ, ಬಾಯಿಗೇ. ಎರಡು ಹಲ್ಲು ಅಂಗಳದಲ್ಲಿ. ಕ್ಯಾಮೆರಾ ಬಟ್ಟೆ ಒಗೆಯುವ ಕಲ್ಲಿಗೆ ಅಪ್ಪಳಿಸಿ ಪುಡಿ. ಅವನ ಜುಟ್ಟು ಹಿಡಿದು ಎಳೆದೆ. ನೂಕಿದ. ಒರಳಿಗೆ ಬಡಿದು ಬಿದ್ದೆ.

ಆಗಸ್ಟ್ 12

ಎಂಟು ದಿನ ಮಲಗಿದ್ದೆ. ಪಕ್ಕೆಲುಬು ಬಿರುಕು.

ದೀಪಿಕಾ ಹೊನ್ನಾವರದ ಆಸ್ಪತ್ರೆಯಲ್ಲಿ. ದವಡೆಗೆ ತಂತಿ ಬಿಗಿದಿದ್ದಾರೆ, ಮಾತಿಲ್ಲ. ಮೆಟ್ಟಿಲಿಂದ ಬಿದ್ದಳು ಅಂತ ದಿನಕರ ಬರೆಸಿದ. ಮಾಬ್ಲನ ಕೈ ಮೊಣಕೈ ಕೆಳಗೆ ಕತ್ತರಿಸಿದರು. ಅದು ಎರಡು ಬೋಟಿನ ನಡುವೆ ಸಿಕ್ಕಿಕೊಂಡದ್ದಂತೆ. ಪೊಲೀಸರು ಕೇಳಿದಾಗ ಇಡೀ ಬಂದರು ಹೂಂ ಅಂದಿತು.

ನಾನೂ ಹೂಂ ಅಂದೆ. ಮಲಗಿದಲ್ಲೇ. ಹೆತ್ತ ಹೊಟ್ಟೆ... ಥೂ.

ಆಗಸ್ಟ್ 17

ಕಾರ್ಡು ಯಾರಿಗೂ ಸಿಗದು. ನನ್ನ ಸಿಂಬಿಯೊಳಗೆ ಹೊಲಿದಿಟ್ಟಿದ್ದೇನೆ. ತಲೆಗೂ ಬುಟ್ಟಿಗೂ ನಡುವೆ ಇರುವ ಆ ನಾತದ ಬಟ್ಟೆಸುತ್ತನ್ನು ಯಾರು ಮುಟ್ಟುತ್ತಾರೆ?

ಆಗಸ್ಟ್ 19, ಮಧ್ಯಾಹ್ನ

ಸಿಂಬಿ ಸೀಳಿ ಬಿದ್ದಿದೆ. ಚಿಂದಿ ಚಿಂದಿ.

ಪುಸ್ತಕದ ನಡುವೆ ಒಂದು ಮೀನಿನ ಹುರುಪೆ ಇಟ್ಟಿದ್ದೆ. ಹೋದ ವಾರ ಅದು ನೆಲದಲ್ಲಿತ್ತು. ಯಾರೋ ಓದುತ್ತಿದ್ದಾರೆ ಅಂತ ಆಗಲೇ ಗೊತ್ತಾತು. ಯಾರು ಅಂತ ತಿಳಿಯಲು ಕಾರ್ಡು ಸಿಂಬಿಯಲ್ಲಿದೆ ಅಂತ ಸುಳ್ಳು ಬರೆದೆ. ತಿಳಿಯಿತು. ದಿನಕರ ಮೀನು ಕೊಯ್ಯುವ ಚೂರಿ ಹಿಡಿದು ನಿಂತಿದ್ದ.

“ಎಲ್ಲಿ ಅದೆ ಅವ್ವಾ?”

“ಹುಡುಕು.”

ಚೂರಿ ಕುತ್ತಿಗೆಗೆ ಬಂತು. ತಣ್ಣಗಿತ್ತು.

“ಹಾಕು ಮಗನೇ. ನಿನ್ನ ಹೊಕ್ಕುಳ ಬಳ್ಳಿ ಕೊಯ್ದ ಕೋಣೆ ಇದೇ. ಇಲ್ಲೇ ಹಾಕು.”

ತಿರುಗಿ ಚೂರಿಯನ್ನು ಟಿ.ವಿ.ಗೆ ಎಸೆದ. ಗಾಜು ಒಡೆದು ಒಳಗೆ ಬಿತ್ತು. ತಾನೇ ತೊಡೆಯ ಮೇಲಿಟ್ಟು ತಂದದ್ದು.

ಆಗಸ್ಟ್ 22

ಬಸ್ಸಿನಲ್ಲಿ ಹೊನ್ನಾವರಕ್ಕೆ ಹೋದೆ. ಪ್ರತಿ ಗುಂಡಿಗೂ ಪಕ್ಕೆ ಕಿರುಚಿತು. ಕಾರ್ಡನ್ನು ದೀಪಿಕಾಳ ಅಂಗೈಯಲ್ಲಿಟ್ಟು, “ಹಾಕು ವಾರ್ತೆಗೆ” ಅಂದೆ.

ತಲೆ ಅಲ್ಲಾಡಿಸಿದಳು. ಬರೆದು ತೋರಿಸಿದಳು: ಅಪ್ಪನ ಮಾತು ಇನ್ನೂ ಕೇಳಿಲ್ಲ. ಅರ್ಧ ಹಾಳೆಯ ಸುದ್ದಿ ನಾನು ಹಾಕುವುದಿಲ್ಲ ಅಜ್ಜಿ. ತಿಂಗಳ ಕೊನೆವರೆಗೆ ಕಾಯುತ್ತೇನೆ.

ಮಳ್ಳು ಹುಡುಗಿ. ಹಲ್ಲು ಉದುರಿಸಿದವನಿಗೂ ಮೈಕು ಹಿಡಿಯುತ್ತಾಳೆ.

ಆಗಸ್ಟ್ 25, ಸಂಜೆ

ದಿನಕರಾ, ನೀನು ಓದುತ್ತಿದ್ದೀಯ ಅಂತ ಗೊತ್ತು. ಓದು.

ಚೂರಿ ತಡವಬೇಡ. ಕಾರ್ಡು ಈ ಮನೆಯಲ್ಲಿಲ್ಲ, ಅದೆಲ್ಲಿದೆ ಅಂತ ಓದಿದ್ದೀಯ; ಬೇಕಾದರೆ ಆಸ್ಪತ್ರೆಯವರೆಲ್ಲರ ಎದುರು ಮಗಳ ಕೈಯಿಂದ ಕಿತ್ತುಕೋ. ಒಡೆದ ಟಿ.ವಿ.ಯ ಮೇಲೆ ಸೌಟು ಇಟ್ಟಿದ್ದೇನೆ, ಪಕ್ಕದಲ್ಲಿ ಪೆನ್ನು. ನೀನು ಮಗಳ ಬಾಯಿ ಮುರಿದೆ, ಹಾಗಾಗಿ ಅವಳ ಪ್ರಶ್ನೆ ನಾನು ಕೇಳುತ್ತೇನೆ: ಮಾಬ್ಲನ ಕೈಗೆ ಎಂತ ಆತು? ಸುಳ್ಳು ಹೇಳಬೇಡ. ಎಲ್ಲರೂ ನೋಡ್ತಾ ಇದ್ದಾರೆ.

ನಾನು ಹೂಂ ಅಂದದ್ದನ್ನು ಒಂದನೇ ತಾರೀಖು ಠಾಣೆಗೆ ಹೋಗಿ ನಾನೇ ವಾಪಸು ತಗೊಳ್ಳುತ್ತೇನೆ. ನಿನ್ನದನ್ನು ಇಲ್ಲಿ ಬರೆ. ಜಾಗ ಬಿಟ್ಟಿದ್ದೇನೆ. ಸೆಪ್ಟೆಂಬರ್ ಹುಟ್ಟುವ ಮೊದಲು ಉತ್ತರ ಬೇಕು. ಬರೆ, ಇಲ್ಲಿಂದ —