ಬಳಕೆಯಲ್ಲಿದೆ

ಸರ್, ನಮಸ್ಕಾರ.

ನೀವು ನಿವೃತ್ತರಾದ ಮೇಲೂ, ಆಫೀಸಿನ ಕಂಪ್ಯೂಟರುಗಳನ್ನೆಲ್ಲ ಬೆಸೆದು ನಾವಿಬ್ಬರೂ ಕಟ್ಟಿದ ಗ್ರಿಡ್ ಚೆನ್ನಾಗಿಯೇ ಓಡುತ್ತಿದೆ. ಯಾರೂ ಮುಟ್ಟದ ಕಂಪ್ಯೂಟರು ಕಂಡರೆ ಸಾಕು, ಸಂಶೋಧಕರ ಲೆಕ್ಕಾಚಾರವನ್ನೆಲ್ಲ ಅದರ ತಲೆಗೆ ಕಟ್ಟುತ್ತದೆ. ಹೀಗಾಗಿ ನಿಮ್ಮ ಮೇಜಿನ ಕಂಪ್ಯೂಟರಿಗೆ ಈಗ ದಿನವಿಡೀ ದುಡಿತ.

ಊಟದ ಹೊತ್ತಿಗೆ ಮಾತ್ರ ನಾನು ಹೋಗಿ ಅದರ ಮೌಸ್ ಅಲ್ಲಾಡಿಸಿ ಬರುತ್ತೇನೆ. ಯಾರೋ ಬಂದು ಕುಳಿತರೆಂದು ಗ್ರಿಡ್ ಹಿಂದೆ ಸರಿಯುತ್ತದೆ. ನನ್ನ ಪರದೆಯಲ್ಲಿ ನಿಮ್ಮ ಯಂತ್ರದ ಮುಂದೆ ‘ಬಳಕೆಯಲ್ಲಿದೆ’ ಎಂದು ಬರುತ್ತದೆ. ಅದನ್ನು ನೋಡುತ್ತ ಊಟದ ಡಬ್ಬಿ ಬಿಚ್ಚುತ್ತೇನೆ.

“ಅದೊಂದು ಮಷಿನ್ ದಿನಾ ಮಧ್ಯಾಹ್ನವೇ ಯಾಕ್ರೀ ಕೈ ಕೊಡುತ್ತೆ?” ಎಂದು ಸಂಶೋಧಕರು ರೇಗುತ್ತಾರೆ. “ನೋಡ್ತೀನಿ” ಎಂದು ಜಾರಿಕೊಳ್ಳುತ್ತೇನೆ.

ನೀವು ಮರೆತು ಬಿಟ್ಟುಹೋದ ಪಿಂಗಾಣಿ ಲೋಟವನ್ನು ಕಳಿಸಲು ಹೇಳಿದ್ದಿರಿ. ಅಂಚೆಯಲ್ಲಿ ಒಡೆದೀತು. ನೀವೇ ಬನ್ನಿ, ಊಟದ ಹೊತ್ತಿಗೆ. ಅವತ್ತು ಮೌಸ್ ನಾನು ಮುಟ್ಟುವುದಿಲ್ಲ.

ಇಂತಿ,
ನಿಮ್ಮ ಪಕ್ಕದ ಮೇಜಿನವನು