ಗ್ಯಾರೆಟ್‌ನ ಕಡೆಯ ಸುತ್ತು

ಯೂಮಾ, ಅರಿಜೋನಾ
ಜೂನ್ ೯

ಕೇಳಿರಿ, ಕೇಳಿರಿ! ಬೇಲಿಗೆ ಒರಗಿ ನಿಂತ ಮಹಾಜನರೇ, ಮಡಚು ಕುರ್ಚಿಯ ಮಹನೀಯರೇ, ತಂಪು ಸೋಡಾ ಹೀರುತ್ತ ಬಿಸಿಲಿಗೆ ಶಾಪ ಹಾಕುವ ಸಮಸ್ತರೇ! ಈ ಕಥೆಯನ್ನು ಕೇಳಬೇಕಾದವಳು ಅಲಾಸ್ಕಾದ ಮೀನುದೋಣಿಯಲ್ಲಿ ಬಲೆ ಎಳೆಯುತ್ತಿದ್ದಾಳೆ!

ಮುದ್ದಿನ ಕೊರಿನ್,

ನಗಬೇಡ ಮಗಳೇ. ರೇಸಿನ ಮೈಕ್ ಹಿಡಿದೇ ಮುದುಕನಾದವನಿಗೆ ಕಾಗದ ಬರೆಯುವಾಗಲೂ ಎದುರಿಗೆ ಜನ ಬೇಕು. ತಡವಾಯಿತು, ಕ್ಷಮಿಸು. "ಅಣ್ಣನ ಸುತ್ತು ಹೇಗಾಯ್ತು?" ಎಂದು ನೀನು ಎರಡು ಸಲ ಕೇಳಿ ಬರೆದೆ. ಎರಡು ಸಲವೂ ನಾನು ಪೆನ್ನು ಹಿಡಿದು ಕೆಳಗಿಟ್ಟೆ. ಅಮ್ಮ ಪರವಾಗಿಲ್ಲ, ಈಗ ಒಂದಿಷ್ಟು ತಿನ್ನುತ್ತಾಳೆ.

ನಮ್ಮ ಕ್ಲಬ್ಬಿನ ಪದ್ಧತಿ ನೀನು ಬಲ್ಲೆ. ಸದಸ್ಯ ತೀರಿಕೊಂಡರೆ ರಿಮೋಟಿನಿಂದ ಓಡುವ ಅವನ ಪುಟ್ಟ ರೇಸ್ ಟ್ರಕ್ಕನ್ನು ಆಪ್ತರೊಬ್ಬರು ಒಂದು ಸುತ್ತು ಓಡಿಸಬೇಕು. ಸುತ್ತು ಪೂರ್ತಿಯಾದ ಮೇಲೆಯೇ ಅದು ಶೆಡ್ಡಿನ ಕಪಾಟು ಏರುವುದು. ಆಸ್ಪತ್ರೆಯ ಮಂಚದಲ್ಲೂ ಸ್ಕ್ರೂಡ್ರೈವರ್ ಬಿಡದ ನಿನ್ನ ಅಣ್ಣ ಗ್ಯಾರೆಟ್‌ನ ಟ್ರಕ್ಕಿಗೆ, ಬಾಲ್ಯದ ಗೆಳೆಯ ಡಸ್ಟಿನ್ ಅಲ್ಲದೆ ಇನ್ನಾರು?

ಅಂದು ಗೆಳೆಯನ ಟ್ರಕ್ಕಿಗೆ ಏನೂ ಆಗಬಾರದೆಂದು ಡಸ್ಟಿನ್, ಚಕ್ರ ಹಿಡಿಯುವ ಪ್ಲಾಸ್ಟಿಕ್ ತೋಳುಗಳನ್ನೆಲ್ಲ ಬಿಚ್ಚಿ, ಥಳಥಳ ಹೊಳೆಯುವ ನೀಲಿ ಅಲ್ಯೂಮಿನಿಯಂ ತೋಳು ಹಾಕಿ ತಂದಿದ್ದ. ಮುದುಕ ಎಲ್ಮರ್ ಸುಮ್ಮನಿರುತ್ತಾನೆಯೇ?

"ಏನೋ, ಟ್ರಕ್ಕಿಗೆ ಒಡವೆ ಹಾಕ್ಸಿದ್ದೀಯ? ಹೆಣ್ಣು ನೋಡೋಕೆ ಬರ್ತಿದ್ದಾರಾ?"

"ತಮಾಷೆ ಸಾಕು ತಾತ. ಹಿಡಿದು ನೋಡಿ, ಕೂದಲೆಳೆಯಷ್ಟೂ ಬಾಗಲ್ಲ."

"ಅದೇ ಕಣೋ ಭಯ. ಬಾಗದೇ ಇದ್ರೆ ಏಟು ಎಲ್ಲಿಗ್ ಹೋಗುತ್ತೆ? ಗ್ಯಾರೆಟ್ ಏನಂತಿದ್ದ? ತೋಳು ಮುರಿದ್ರೆ ಮುರೀಲಿ, ಮೈ ಉಳೀಬೇಕು ಅಂತಿದ್ದ."

"ಇವತ್ತು ಏನೂ ಮುರೀಬಾರ್ದು ತಾತ. ಇವತ್ತೊಂದಿನ."

ಎಲ್ಮರ್ ಟೋಪಿ ತೆಗೆದು ಹಿಂದೆ ಸರಿದ.

ಹೊರಟಿತು ನೋಡು! ಧೂಳಿನ ಬಾಲ ಎಬ್ಬಿಸಿಕೊಂಡು ಮೊದಲ ತಿರುವು ದಾಟಿತು, ದೊಡ್ಡ ದಿಬ್ಬದಿಂದ ಗಿಡುಗನಂತೆ ಹಾರಿತು. ಇಳಿಯುವಾಗ ಮುಂಚಕ್ರ ಅಂಚಿನ ಪೈಪಿಗೆ ಬಡಿಯಿತು. ಪ್ಲಾಸ್ಟಿಕ್ ತೋಳಾಗಿದ್ದರೆ ಬಳುಕಿ ನೆಟ್ಟಗಾಗುತ್ತಿತ್ತು, ಇಲ್ಲವೇ ತಾನೊಂದೇ ಮುರಿಯುತ್ತಿತ್ತು. ಈ ತೋಳು ಜಗ್ಗಲಿಲ್ಲ. ಏಟನ್ನೆಲ್ಲ ಒಳಕ್ಕೆ ದಾಟಿಸಿತು. ಗಿಯರ್ ಪೆಟ್ಟಿಗೆ ಸೀಳಿತು, ಟ್ರಕ್ಕಿನ ಅಡಿಪಟ್ಟಿ ಎರಡು ತುಂಡಾಯಿತು. ಅರ್ಧ ಸುತ್ತೂ ಆಗಿರಲಿಲ್ಲ.

ಡಸ್ಟಿನ್ ಬೇಲಿ ಹಾರಿ ಓಡಿ, ಅದನ್ನು ತನ್ನ ಶರ್ಟಿನಲ್ಲಿ ಸುತ್ತಿಕೊಂಡು ತಂದ. "ಗಟ್ಟಿ ಇರ್ಲಿ ಅಂತ ಹಾಕ್ದೆ ಅಂಕಲ್. ನಾನೇ ಹಾಳು ಮಾಡ್ದೆ."

ನಾನು ಉತ್ತರ ಕೊಡುವ ಮೊದಲೇ ಅಮ್ಮ ಬಂದು ಅವನ ಮುಖದ ಧೂಳು ಒರೆಸಿದಳು. "ಮೊದ್ಲು ನೀರು ಕುಡಿ. ಆಮೇಲೆ ಅಳುವಿಯಂತೆ."

ಹೊಸ ಅಡಿಪಟ್ಟಿ ಬರಲು ಇಷ್ಟು ದಿನ ಹಿಡಿಯಿತು. ನಾಳೆ ಮತ್ತೆ ಸುತ್ತು. ಡಸ್ಟಿನ್ ಈಗ ನಮ್ಮ ಅಡುಗೆಮನೆಯಲ್ಲಿ ಹೊಸ ನೈಲಾನ್ ತೋಳುಗಳನ್ನು ಕುದಿಸುತ್ತಿದ್ದಾನೆ. ನೀರು ಕುಡಿದ ನೈಲಾನ್ ಬಳುಕುತ್ತದೆ, ಸುಲಭಕ್ಕೆ ಸಿಡಿಯುವುದಿಲ್ಲ. ಅಮ್ಮ ಪಾತ್ರೆಗೆ ಇಣುಕಿ, "ಉಪ್ಪು ಹಾಕ್ಲೇನೋ?" ಎಂದಳು. ಅವನು ನಕ್ಕ. ನಗುತ್ತ ನಗುತ್ತಲೇ ಅತ್ತುಬಿಟ್ಟ.

ಕೈಗವಸು ಹಾಕಿಕೊಳ್ಳದೆ ಬಲೆ ಮುಟ್ಟಬೇಡ. ದೇವರು ನಿನ್ನನ್ನು ಆ ನೀರಿನ ಮೇಲೆ ಕಾಯಲಿ, ದಡಕ್ಕೆ ತಲುಪಿಸಲಿ.

ನಿನ್ನ ಅಪ್ಪ,
ವರ್ನನ್

ಮರೆತದ್ದಲ್ಲ, ಬರೆಯಲಾರದೆ ಬಿಟ್ಟದ್ದು: ಸುತ್ತು ಶುರುವಾಗುವ ಮುಂಚೆ, ತೀರಿಕೊಂಡವರ ಹೆಸರನ್ನು ಮೈಕಿನಲ್ಲಿ ಕೂಗಬೇಕಾದವನು ನಾನು. ಎಷ್ಟೋ ಜನರ ಹೆಸರನ್ನು ಬೆಟ್ಟ ತಿರುಗಿ ಕೂಗುವಂತೆ ಕೂಗಿದ್ದೇನೆ. ಅಂದು ಗುಂಡಿ ಒತ್ತಿದೆ, ಬಾಯಿ ತೆರೆದೆ; ನನ್ನ ಉಸಿರೊಂದೇ ಎಲ್ಲರಿಗೂ ಕೇಳಿಸಿತು. ಮುಂದಿನ ಸಾಲಿನಿಂದ ಅಮ್ಮ ಮೆಲ್ಲಗೆ, "ಗ್ಯಾರೆಟ್ ಅನ್ರೀ. ದಿನಾ ಊಟಕ್ಕೆ ಕರೀತಿರ್ಲಿಲ್ವಾ?" ಎಂದಳು. ಆಗಲಿಲ್ಲ ಕೊರಿನ್. ನಿನ್ನ ಅಣ್ಣ ಹೆಸರಿಲ್ಲದೆ ಹೊರಟ.

ನಾಳೆ ಬೆಳಿಗ್ಗೆ, ಯಾರೂ ಬರುವ ಮುಂಚೆ ಟ್ರ್ಯಾಕಿಗೆ ಹೋಗಿ, ಮೈಕ್ ಹಾಕಿ, ಅವನನ್ನು ಊಟಕ್ಕೆ ಕರೆದು ನೋಡುತ್ತೇನೆ.